15 ದಿನ, 3 ಚದರ ಮೀಟರ್: ಸೆರೆಮನೆಯ ನಿಯಮಗಳನ್ನು ಹೊರಗಿನವರು ಬದಲಿಸಿದ ಬಗೆ

ಏಕಾಂತ ಸೆರೆಗೆ ಈಗ ಒಂದು ಲೆಕ್ಕವಿದೆ. ದಿನಕ್ಕೆ 22 ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ಯಾರೊಂದಿಗೂ ಅರ್ಥವಿರುವ ಒಡನಾಟವಿಲ್ಲದಂತೆ ಕೂಡಿಹಾಕಿದರೆ ಅದು ಏಕಾಂತ ಸೆರೆ. ಸತತ 15 ದಿನ ದಾಟಿದರೆ ಅದು ದೀರ್ಘಾವಧಿಯ ಏಕಾಂತ ಸೆರೆ, ಹಾಗಾಗಿ ನಿಷಿದ್ಧ. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕೆಂದು ಹೇಳುವ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳ 43 ಮತ್ತು 44ನೆಯ ನಿಯಮಗಳು ಹೇಳುವುದು ಇದನ್ನೇ. 1955ರಲ್ಲಿ ಜಿನೀವಾದಲ್ಲಿ ಒಪ್ಪಿದ ಮೂಲ ಕನಿಷ್ಠ ನಿಯಮಗಳನ್ನು ತೆರೆದು ನೋಡಿದರೆ ಚಿತ್ರವೇ ಬೇರೆ. ಕೈದಿಯನ್ನು ಒಂಟಿಯಾಗಿ ಕೂಡಿಹಾಕುವುದು, ಊಟ ಕಡಿತ ಮಾಡುವುದು ಎರಡಕ್ಕೂ ಅಲ್ಲಿ ಅವಕಾಶವಿತ್ತು. ಆತ ಅದನ್ನು ತಾಳಿಕೊಳ್ಳಬಲ್ಲ ಎಂದು ಸೆರೆಮನೆಯ ವೈದ್ಯ ಬರೆದುಕೊಟ್ಟರೆ ಸಾಕಿತ್ತು. ಶಿಕ್ಷೆಗೆ ವೈದ್ಯರೇ ಅರ್ಹತಾಪತ್ರ ಕೊಡುವ ಈ ಪದ್ಧತಿ ಕಾಗದದ ಮೇಲೆ ಅಳಿಯಲು 60 ವರ್ಷ ಹಿಡಿಯಿತು.

ಅಳಿದ ಬಗೆ ಗಮನಿಸುವಂಥದ್ದು. 2010ರ ಕೊನೆಯಲ್ಲಿ ಹಳೆಯ ನಿಯಮಗಳ ಪರಿಶೀಲನೆಗೆ ಸಾಮಾನ್ಯ ಸಭೆ ಸರ್ಕಾರಗಳ ತಜ್ಞರ ಗುಂಪೊಂದನ್ನು ರಚಿಸಲು ಹೇಳಿದಾಗ ಮಾನವ ಹಕ್ಕು ಸಂಘಟನೆಗಳಿಗೆ ಖುಷಿಗಿಂತ ಅಳುಕೇ ಹೆಚ್ಚಿತ್ತು. ಪಠ್ಯವನ್ನು ಒಮ್ಮೆ ಬಿಚ್ಚಿದರೆ ಇರುವುದನ್ನೂ ತೆಳುವಾಗಿಸಿ ಮತ್ತೆ ಹೊಲಿದುಬಿಡುತ್ತಾರೆ ಎಂಬ ಭಯ. ಹಾಗಾಗಿ ಇರುವ ಯಾವ ಮಾನದಂಡವನ್ನೂ ಕೆಳಗಿಳಿಸಬಾರದು ಎಂಬ ಷರತ್ತು ನಿರ್ಣಯಗಳಲ್ಲೇ ಸೇರಿತು. ಇಡೀ ಪಠ್ಯದ ಬದಲು ಒಂಬತ್ತು ವಿಷಯಗಳನ್ನಷ್ಟೇ ಮುಟ್ಟುವುದೆಂದಾಯಿತು. ಪೀನಲ್ ರಿಫಾರ್ಮ್ ಇಂಟರ್‌ನ್ಯಾಷನಲ್ ಎಂಬ ಸಂಘಟನೆ ಮತ್ತು ಎಸೆಕ್ಸ್ ವಿಶ್ವವಿದ್ಯಾಲಯ ತಜ್ಞರನ್ನು ಕೂರಿಸಿ, ಯಾವ ನಿಯಮದ ಯಾವ ವಾಕ್ಯ ಹೇಗೆ ಬದಲಾಗಬೇಕು, ಅದಕ್ಕೆ ಈಗಾಗಲೇ ಇರುವ ಆಧಾರವೇನು ಎಂದು ಬರೆದು ಸರ್ಕಾರಗಳ ಮುಂದಿಟ್ಟವು. 15 ದಿನದ ಗಡಿಗೆ ಆಧಾರ ಸಿಕ್ಕಿದ್ದು ಚಿತ್ರಹಿಂಸೆ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಹುವಾನ್ ಮೆಂಡೆಸ್ ಅವರ 2011ರ ವರದಿಯಲ್ಲಿ. ಮಾತುಕತೆ ವಿಯೆನ್ನಾ, ಬ್ಯೂನಸ್ ಐರಿಸ್‌ಗಳಲ್ಲಿ ಎಳೆದಾಡಿ 2015ರ ಮಾರ್ಚಿನಲ್ಲಿ ಕೇಪ್‌ಟೌನ್‌ನಲ್ಲಿ ಮುಗಿಯಿತು. ಅದೇ ವರ್ಷದ ಡಿಸೆಂಬರ್ 17ರಂದು 122 ನಿಯಮಗಳಿಗೆ ಅಂಗೀಕಾರ ದೊರೆಯಿತು. ಕರಡು ಬರೆಯುವ ರಾಜತಾಂತ್ರಿಕನಿಗೆ ನಡುರಾತ್ರಿ ಬೇಕಾಗುವುದು ಭಾಷಣವಲ್ಲ, ಸಿದ್ಧ ವಾಕ್ಯ ಮತ್ತು ಅದರ ಮೂಲ. ಅದನ್ನು ಒದಗಿಸಿದವರ ಮಾತು ಪಠ್ಯದೊಳಗೆ ಹೋಗುತ್ತದೆ.

ಇದಕ್ಕಿಂತ ಹಳೆಯದು ಭೇಟಿಯ ಕಥೆ. ಸೆರೆಮನೆಯೊಳಗೆ ಹೊರಗಿನವರು ಮುನ್ಸೂಚನೆಯಿಲ್ಲದೆ ಕಾಲಿಡಬಹುದು ಎಂದಾದರೆ ಹೊಡೆತ ತಾನಾಗಿ ಕಡಿಮೆಯಾಗುತ್ತದೆ ಎಂಬುದು ಸ್ವಿಸ್ ಬ್ಯಾಂಕರ್ ಝಾನ್-ಝಾಕ್ ಗೋತಿಯೆ ಅವರ ವಾದ. ರೆಡ್‌ಕ್ರಾಸ್ ಯುದ್ಧಕೈದಿಗಳನ್ನು ಕಾಣುವ ರೀತಿಯನ್ನು ನೋಡಿ ಹುಟ್ಟಿದ ಯೋಚನೆ ಅದು. 1977ರಲ್ಲಿ ಅವರು ಅದಕ್ಕೆಂದೇ ಸಂಸ್ಥೆ ಕಟ್ಟಿದರು. 1980ರಲ್ಲಿ ಕೋಸ್ಟರಿಕ ಆ ಕರಡನ್ನು ವಿಶ್ವಸಂಸ್ಥೆಗೆ ಒಯ್ದಿತು. ಯುರೋಪು 1987ರಲ್ಲೇ ತನ್ನದೊಂದು ಒಡಂಬಡಿಕೆ ಮಾಡಿಕೊಂಡಿತು. ಜಗತ್ತಿಗೆ ಅನ್ವಯವಾಗುವ, ಚಿತ್ರಹಿಂಸೆ ವಿರೋಧಿ ಒಪ್ಪಂದದ ಐಚ್ಛಿಕ ಪ್ರೋಟೋಕಾಲ್ (ಪೂರಕ ಒಪ್ಪಂದ) ಬಂದದ್ದು 2002ರ ಡಿಸೆಂಬರಿನಲ್ಲಿ, ಜಾರಿಯಾದದ್ದು 2006ರ ಜೂನ್ 22ರಂದು. ಈಗ 25 ಸದಸ್ಯರ ಉಪಸಮಿತಿಯೊಂದು ದೇಶದೇಶಗಳ ಸೆರೆಮನೆಗಳಿಗೆ ಹೋಗುತ್ತದೆ. ಅದರ ವರದಿ ಮಾತ್ರ ಗೋಪ್ಯ, ಸರ್ಕಾರ ಒಪ್ಪಿದರಷ್ಟೇ ಬಹಿರಂಗ. ಹೀಗಾಗಿ ಸಂಘಟನೆಗಳ ಮೊದಲ ಕೆಲಸ ವರದಿ ಪ್ರಕಟಿಸಿ ಎಂದು ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ ಒತ್ತಡ ಹಾಕುವುದು. ಎರಡನೆಯದು, ಪ್ರೋಟೋಕಾಲ್ ಪ್ರಕಾರ ದೇಶದೊಳಗೇ ರಚಿಸಬೇಕಾದ ಭೇಟಿ ಮಂಡಳಿಯ ಕಾನೂನನ್ನು ಕರಡಿನ ಹಂತದಲ್ಲೇ ಹಿಡಿಯುವುದು. ಸದಸ್ಯರನ್ನು ನೇಮಿಸುವುದು ಗೃಹ ಸಚಿವರೇ? ಬಜೆಟ್ಟಿಗೆ ಪ್ರತ್ಯೇಕ ಬಾಬತ್ತು ಇದೆಯೇ? ಕೈದಿಯೊಡನೆ ಒಬ್ಬಂಟಿಯಾಗಿ ಮಾತಾಡಲು ಬಿಡುತ್ತಾರೆಯೇ? ಈ ಮೂರಕ್ಕೆ ಉತ್ತರ ಕೆಟ್ಟದ್ದಿದ್ದರೆ ಮಂಡಳಿ ಬರೀ ಬೋರ್ಡು. ಸಹಿ ಹಾಕಿದ ಮೇಲೂ ಬಾಗಿಲು ಮುಚ್ಚಬಹುದು: 2022ರ ಅಕ್ಟೋಬರಿನಲ್ಲಿ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ರಾಜ್ಯಗಳು ಪ್ರವೇಶಕ್ಕೆ ಅಡ್ಡಿ ಮಾಡಿದ್ದರಿಂದ ಉಪಸಮಿತಿ ಆಸ್ಟ್ರೇಲಿಯಾ ಭೇಟಿಯನ್ನು ಅರ್ಧಕ್ಕೇ ನಿಲ್ಲಿಸಿತು.

ಹೆಚ್ಚಿನ ಸಂಘಟನೆಗಳು ದಿನನಿತ್ಯ ಬಳಸುವ ದಾರಿ ಸಮಿತಿಗಳ ಪರಿಶೀಲನೆ, ಅಂದರೆ ಮಾನವ ಹಕ್ಕು ಒಪ್ಪಂದಗಳನ್ನು ದೇಶಗಳು ಪಾಲಿಸುತ್ತಿವೆಯೇ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿಗಳು ನೋಡುವುದು. ಇದಕ್ಕೆ ವಿಶ್ವಸಂಸ್ಥೆಯ ಸಲಹಾ ಮಾನ್ಯತೆ ಬೇಕಿಲ್ಲ ಎಂಬುದು ಎಷ್ಟೋ ಸಣ್ಣ ಗುಂಪುಗಳಿಗೆ ಗೊತ್ತೇ ಇರುವುದಿಲ್ಲ. ಮಾನವ ಹಕ್ಕುಗಳ ಪರಿಷತ್ತಿನಲ್ಲಿ ಎದ್ದು ಮಾತಾಡಲು ಅದು ಬೇಕು, ಸರ್ಕಾರದ ವರದಿಗೆ ಎದುರಾಗಿ ಸಮಿತಿಗೆ ಪರ್ಯಾಯ ವರದಿ ಕಳಿಸಲು ಬೇಡ. ಸಮಿತಿ ಮೊದಲು ಪ್ರಶ್ನೆಗಳ ಪಟ್ಟಿ ತಯಾರಿಸುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ವಿಷಯ ಮುಂದೆ ಎದ್ದೇಳುವುದು ಕಷ್ಟ. ಕೊನೆಯ ಸುತ್ತಿಗೆ ದಪ್ಪ ವರದಿ ಹಿಡಿದು ಓಡುವವರು ಎಡವುವುದು ಇಲ್ಲೇ. ಚಿತ್ರಹಿಂಸೆ ವಿರೋಧಿ ಸಮಿತಿಯಲ್ಲಿ 10 ಸದಸ್ಯರಿದ್ದಾರೆ. ಮೊದಲ ದಿನ ಅವರ ಪ್ರಶ್ನೆ, ಮರುದಿನ ಸರ್ಕಾರದ ಉತ್ತರ. ನಡುವಿನ ಆ ರಾತ್ರಿಯೇ ಸಂಘಟನೆಗಳಿಗೆ ಚಿನ್ನದಂಥ ಹೊತ್ತು. ನಿಯೋಗ ಹೇಳಿದ ಒಂದು ಅಂಕಿಯನ್ನು ಪರೀಕ್ಷಿಸಿ ಬೆಳಗಾಗುವುದರೊಳಗೆ ಒಂದೇ ಪುಟದಲ್ಲಿ ಸದಸ್ಯರ ಕೈಗಿಡಬಹುದು. ಅಂತಿಮ ಅಭಿಪ್ರಾಯದಲ್ಲಿ ಕೆಲವೇ ಶಿಫಾರಸುಗಳಿಗೆ ಒಂದು ವರ್ಷದ ಗಡುವು ಬೀಳುತ್ತದೆ. ತಮ್ಮದು ಆ ಕೆಲವುಗಳಲ್ಲಿ ಇರಬೇಕೆಂದರೆ ಅದು ಒಂದು ವರ್ಷದಲ್ಲಿ ಆಗಬಲ್ಲ ಕೆಲಸವಾಗಿರಬೇಕು.

ಎಲ್ಲ ದೇಶಗಳ ಮಾನವ ಹಕ್ಕು ಸ್ಥಿತಿಯನ್ನು ಸರದಿಯಂತೆ ನೋಡುವ ಸಾರ್ವತ್ರಿಕ ನಿಯತಕಾಲಿಕ ಪರಾಮರ್ಶೆಯ ರೀತಿ ಬೇರೆ. 2008ರಲ್ಲಿ ಶುರುವಾದ ಇದರಲ್ಲಿ ಶಿಫಾರಸು ಮಾಡುವವರು ತಜ್ಞರಲ್ಲ, ಇತರ ದೇಶಗಳು. ಸಂಘಟನೆಗಳ ವರದಿಗೆ ಮಿತಿಯಿದೆ: ಒಂದು ಸಂಘಟನೆಗೆ 2815 ಪದ, ಹಲವರು ಕೂಡಿ ಬರೆದರೆ 5630 ಪದ. ಈ ಮಿತಿ ನುಂಗಿಕೊಂಡು ಬರೆದ ಮೇಲೆ ರಾಯಭಾರ ಕಚೇರಿಗಳ ಬಾಗಿಲು ತಟ್ಟಬೇಕು, ಅದೂ ಜಿನೀವಾದಲ್ಲಿ ಸಭೆ ಸೇರುವುದಕ್ಕೆ ತಿಂಗಳುಗಳ ಮೊದಲೇ. ‘ಸೆರೆಮನೆಯ ಸ್ಥಿತಿಗತಿ ಸುಧಾರಿಸಿ’ ಎಂಬ ಶಿಫಾರಸನ್ನು ಯಾವ ಸರ್ಕಾರವೂ ನಗುನಗುತ್ತಾ ಒಪ್ಪುತ್ತದೆ, ಏಕೆಂದರೆ ಮಾಡಲು ಅದರಲ್ಲಿ ಏನೂ ಇಲ್ಲ. ‘ಕಸ್ಟಡಿ ಸಾವಿನ ತನಿಖೆಯನ್ನು ಸೆರೆಮನೆ ಇಲಾಖೆಯಿಂದ ಹೊರಗಿನ ಸಂಸ್ಥೆಗೆ ವಹಿಸಿ’ ಎಂದರೆ ಒಪ್ಪುವುದು ಕಷ್ಟ, ಒಪ್ಪಿದ ಮೇಲೆ ತಪ್ಪಿಸಿಕೊಳ್ಳುವುದು ಇನ್ನೂ ಕಷ್ಟ.

ಸಾಕ್ಷ್ಯ ಸಂಗ್ರಹದಲ್ಲಿ ಆಗುವ ಯಡವಟ್ಟುಗಳು ಹೆಚ್ಚಿನ ಪಾಲು ಎರಡು ಬಗೆ. ಒಂದು, ಹೆಸರು. ವರದಿಯಲ್ಲಿ ಹೆಸರು ಬಿಟ್ಟರೂ ಬ್ಯಾರಕ್, ದಿನಾಂಕ, ಗಾಯದ ವಿವರ ಮೂರೂ ಇದ್ದರೆ ಜೈಲರಿಗೆ ಆ ಕೈದಿ ಯಾರೆಂದು ತಿಳಿಯಲು ಐದು ನಿಮಿಷ ಸಾಕು. ಒಪ್ಪಿಗೆ ಕೇಳುವಾಗ ಈ ಅಪಾಯವನ್ನು ಬಿಡಿಸಿ ಹೇಳಿರಬೇಕು. ಇನ್ನೊಂದು, ಅಳತೆ. ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2016ರ ಮುರ್ಶಿಚ್ ತೀರ್ಪಿನಲ್ಲಿ, ಹಲವರಿರುವ ಕೋಣೆಯಲ್ಲಿ ತಲೆಗೆ 3 ಚದರ ಮೀಟರಿಗಿಂತ ಕಡಿಮೆ ಜಾಗವಿದ್ದರೆ ಹಕ್ಕು ಉಲ್ಲಂಘನೆಯಾಗಿದೆಯೆಂದು ಬಲವಾಗಿ ಭಾವಿಸಬೇಕು ಎಂದಿತು. ಶೌಚದ ಜಾಗ ಲೆಕ್ಕಕ್ಕಿಲ್ಲ, ಮಂಚ ಮೇಜುಗಳ ಜಾಗ ಲೆಕ್ಕಕ್ಕಿದೆ. ಇದನ್ನು ತಿರುಗಿಸಿ ಅಳೆದರೆ ದೂರು ಅಲ್ಲಿಗೇ ಕುಸಿಯುತ್ತದೆ.

ಪಾಲಿಸಲೇಬೇಕಾದ ಗಡುವು ಕೊಡುವ ಶಕ್ತಿ ಇರುವುದು ಪ್ರಾದೇಶಿಕ ನ್ಯಾಯಾಲಯಗಳಿಗೆ. ಯುರೋಪಿನ ನ್ಯಾಯಾಲಯದ 2013ರ ಟೊರೆಜಾನಿ ಪ್ರಕರಣದಲ್ಲಿ ಏಳು ಕೈದಿಗಳ ದೂರಿನ ಮೇಲೆ, ಸೆರೆಮನೆಗಳ ಇಕ್ಕಟ್ಟಿಗೆ ಪರಿಹಾರ ಕಾಣಲು ಇಟಲಿಗೆ ಒಂದು ವರ್ಷದ ಅವಧಿ ಸಿಕ್ಕಿತು. ಸನ್ನಡತೆಗೆ ಆರು ತಿಂಗಳಿಗೆ 45 ದಿನ ಸಿಗುತ್ತಿದ್ದ ಶಿಕ್ಷೆ ಕಡಿತ ತಾತ್ಕಾಲಿಕವಾಗಿ 75ಕ್ಕೆ ಏರಿತು, ರಾಷ್ಟ್ರೀಯ ಕೈದಿ ರಕ್ಷಣಾಧಿಕಾರಿ ಹುದ್ದೆ ಹುಟ್ಟಿತು. 2012ರ ಕೊನೆಗೆ 65 ಸಾವಿರ ದಾಟಿದ್ದ ಕೈದಿಗಳ ಸಂಖ್ಯೆ 2015ರ ಕೊನೆಗೆ 52 ಸಾವಿರದ ಆಸುಪಾಸಿಗೆ ಇಳಿಯಿತು. ಬ್ರೆಜಿಲ್ಲಿನ ರೆಸಿಫೆ ನಗರದ ಕುರಾಡೊ ಸೆರೆಮನೆಯದು ಇನ್ನೂ ಸ್ವಾರಸ್ಯದ ಕಥೆ. ಸಂಘಟನೆಗಳು ವರ್ಷಗಟ್ಟಲೆ ಬೆನ್ನುಬಿದ್ದ ಆ ಪ್ರಕರಣದಲ್ಲಿ ಅಂತರ-ಅಮೆರಿಕ ನ್ಯಾಯಾಲಯ 2018ರ ನವೆಂಬರಿನಲ್ಲಿ ಅಲ್ಲಿ ಕಳೆದ ಒಂದು ದಿನವನ್ನು ಎರಡು ದಿನವೆಂದು ಎಣಿಸಲು ಆದೇಶಿಸಿತು. ರಿಯೊದ ಒಂದು ಸೆರೆಮನೆಗೂ ಅದೇ ತಿಂಗಳು ಇಂಥದೇ ಆದೇಶ ಬಂತು. ಇಮ್ಮಡಿ ಜನ ತುಂಬಿದ ಕಡೆ ಶಿಕ್ಷೆಯ ನೋವೂ ಇಮ್ಮಡಿ ಎಂಬುದು ತರ್ಕ. ಜೀವ, ದೇಹ, ಲೈಂಗಿಕ ಅಪರಾಧಗಳ ಕೈದಿಗಳಿಗೆ ಇದು ತಾನಾಗಿ ಅನ್ವಯಿಸುವುದಿಲ್ಲ, ಮೊದಲು ತಜ್ಞರ ಪರೀಕ್ಷೆ ಆಗಬೇಕು.

ಫ್ರಾನ್ಸಿನಲ್ಲಿ ಸೆರೆಮನೆಗಳ ಅಂತರರಾಷ್ಟ್ರೀಯ ವೀಕ್ಷಣಾಲಯ ಎಂಬ ಸಂಘಟನೆಯ ಬೆಂಬಲದಿಂದ 32 ಕೈದಿಗಳು ಯುರೋಪಿನ ನ್ಯಾಯಾಲಯದಲ್ಲಿ ಗೆದ್ದದ್ದು 2020ರ ಜನವರಿ 30ರಂದು. ಅದರ ಫಲವಾಗಿ 2021ರ ಏಪ್ರಿಲಿನಲ್ಲಿ ಹೊಸ ಕಾನೂನು ಬಂತು: ಅಮಾನವೀಯ ಸ್ಥಿತಿಯ ಬಗ್ಗೆ ಕೈದಿ ನೇರವಾಗಿ ನ್ಯಾಯಾಧೀಶರಿಗೆ ದೂರಬಹುದು. ಆದರೆ ಪರಿಹಾರವಾಗಿ ಇನ್ನೊಂದು ಸೆರೆಮನೆಗೆ ವರ್ಗಾಯಿಸಲೂ ಅದರಲ್ಲಿ ಅವಕಾಶ ಉಳಿಯಿತು. ಮನೆಯವರಿಂದ ದೂರವಾಗುವ ಹೆದರಿಕೆಯಿರುವ ಕೈದಿ ದೂರು ಕೊಡುವ ಮೊದಲು ಎರಡು ಸಲ ಯೋಚಿಸುತ್ತಾನೆ. ತೀರ್ಪು ಬಂದಾಗ ಸುಮಾರು 70 ಸಾವಿರವಿದ್ದ ಫ್ರಾನ್ಸಿನ ಕೈದಿಗಳ ಸಂಖ್ಯೆ 2024ರ ಕೊನೆಗೆ 80 ಸಾವಿರ ದಾಟಿತು. ತೀರ್ಪು ಜಾರಿಯಾಗಿದೆಯೇ ಎಂದು ನೋಡುವ ಯುರೋಪ್ ಮಂಡಳಿಯ ಮಂತ್ರಿಗಳ ಸಮಿತಿಗೆ ಸಂಘಟನೆಗಳೂ ಲಿಖಿತ ಹೇಳಿಕೆ ಕೊಡಬಹುದು, ಆ ಸಮಿತಿಯ ನಿಯಮ 9.2 ಅದಕ್ಕೆಂದೇ ಇದೆ. ವರ್ಗಾವಣೆಯ ಲೆಕ್ಕವೂ ಕೈದಿಗಳ ಲೆಕ್ಕವೂ ಈಗ ಹೋಗಬೇಕಾದದ್ದು ಆ ಮೇಜಿಗೆ.