ಎಸಿ ಇರುವಾಗ ಕಿಟಕಿ ಏಕೆ ತೆರೆಯಬೇಕು?

ಪ್ರಶ್ನೆ: ಟ್ಯೂಷನ್ ಕೊಠಡಿಗೆ ಸ್ಪ್ಲಿಟ್ ಎಸಿ ಹಾಕಿಸಿದ್ದೇನೆ. ಒಂದು ಬ್ಯಾಚಿಗೆ 20 ಮಕ್ಕಳು. ಒಬ್ಬನಿಗೆ ಜ್ವರ ಬಂದರೆ ವಾರದೊಳಗೆ ಅರ್ಧ ಬ್ಯಾಚ್ ಮಲಗುತ್ತದೆ. ಎಸಿ ಹೊರಗಿನ ಗಾಳಿಯನ್ನು ಸೋಸಿ ಒಳಗೆ ಬಿಡುತ್ತದಲ್ಲ, ಆದರೂ ಹೀಗೇಕೆ?

ಬಿಡುವುದಿಲ್ಲ. ಪ್ರತಿ ಬೇಸಿಗೆಯಲ್ಲಿ ಈ ಪ್ರಶ್ನೆ ಬರುತ್ತದೆ, ಪ್ರತಿ ಬೇಸಿಗೆಯಲ್ಲಿ ಇದೇ ಉತ್ತರ ಬರೆಯುತ್ತೇನೆ, ನಂಬಿಕೆ ಮಾತ್ರ ಕದಲುವುದಿಲ್ಲ. ಆದ್ದರಿಂದ ಈ ಸಲ ಬಿಡಿಸಿ ಹೇಳುತ್ತೇನೆ.

ಎಸಿ ಕೂರಿಸುವವರು ಗೋಡೆ ಕೊರೆದು ಆ ತೂತಿನಲ್ಲಿ ಏನೇನು ತೂರಿಸುತ್ತಾರೆಂದು ನೆನಪಿಸಿಕೊಳ್ಳಿ. ಎರಡು ತಾಮ್ರದ ಕೊಳವೆ, ವಿದ್ಯುತ್ ತಂತಿ, ನೀರು ಹೋಗುವ ಪೈಪು. ಗಾಳಿಗೆ ದಾರಿ ಎಲ್ಲಿದೆ? ತಾಮ್ರದ ಕೊಳವೆಯಲ್ಲಿ ಓಡಾಡುವುದು ತಂಪು ಮಾಡುವ ಅನಿಲ. ಅದು ಒಳಗಿನ ಶಾಖವನ್ನು ಹೊತ್ತು ಹೊರಗಿನ ಪೆಟ್ಟಿಗೆಗೆ ಒಯ್ಯುತ್ತದೆ, ಅಲ್ಲಿನ ಫ್ಯಾನು ಅದನ್ನು ಬೀದಿಗೆ ಊದುತ್ತದೆ. ಒಳಗಿನ ಪೆಟ್ಟಿಗೆಯಾದರೋ ಕೋಣೆಯ ಗಾಳಿಯನ್ನೇ ಎಳೆದುಕೊಂಡು, ತಂಪು ಮಾಡಿ, ಕೋಣೆಗೇ ಮರಳಿಸುತ್ತದೆ. ರಿಮೋಟಿನಲ್ಲಿ ‘ಫ್ಯಾನ್’ ಒತ್ತಿದರೂ ಸುತ್ತುವುದು ಅದೇ ಗಾಳಿ. ‘ಫಿಲ್ಟರ್ ಇದೆಯಲ್ಲ’ ಎನ್ನುತ್ತೀರಿ. ತಿಂಗಳಿಗೊಮ್ಮೆ ನಲ್ಲಿಯ ಕೆಳಗೆ ತೊಳೆಯುತ್ತೀರಲ್ಲ, ಆ ಜಾಲರಿ ಕೂದಲು, ಧೂಳನ್ನು ಹಿಡಿಯುತ್ತದೆ. ಕೆಮ್ಮಿದಾಗ, ಮಾತನಾಡಿದಾಗ ಹೊರಬೀಳುವ ಸೂಕ್ಷ್ಮ ಕಣಗಳಿಗೆ ಅದು ಹೆಬ್ಬಾಗಿಲು.

ನನ್ನ ಮಾತು ಬೇಡ, ನೀವೇ ಪರೀಕ್ಷಿಸಿ. ಬಾಗಿಲು, ಕಿಟಕಿ ಮುಚ್ಚಿ, ಎಸಿ ಹಾಕಿ, ಊದುಬತ್ತಿ ಹಚ್ಚಿ. ಅದು ಉರಿದು ಮುಗಿದು ಎಷ್ಟು ಹೊತ್ತಾದ ಮೇಲೂ ವಾಸನೆ ಅಲ್ಲಿಯೇ ನಿಂತಿರುತ್ತದೆ. ಮಕ್ಕಳು ಬಿಟ್ಟ ಉಸಿರೂ ಹಾಗೆಯೇ ನಿಲ್ಲುತ್ತದೆ, ಅದಕ್ಕೆ ವಾಸನೆಯಿಲ್ಲ ಅಷ್ಟೇ.

2020ರ ಜನವರಿ 24ರಂದು ಚೀನಾದ ಗುವಾಂಗ್‌ಝೌ ನಗರದಲ್ಲಿ, ಕಿಟಕಿಯಿಲ್ಲದ ಹೋಟೆಲೊಂದರಲ್ಲಿ ಮೂರು ಕುಟುಂಬಗಳು ಅಕ್ಕಪಕ್ಕದ ಮೇಜುಗಳಲ್ಲಿ ಊಟಕ್ಕೆ ಕುಳಿತಿದ್ದವು. ಎಸಿ ಗಾಳಿ ಆ ಮೂರು ಮೇಜುಗಳ ನಡುವೆಯೇ ಸುತ್ತುತ್ತಿತ್ತು, ಎಕ್ಸಾಸ್ಟ್ ಫ್ಯಾನುಗಳು ನಿಂತಿದ್ದವು. ಒಬ್ಬರಿಂದ ಹಬ್ಬಿ ಒಟ್ಟು ಹತ್ತು ಮಂದಿಗೆ ಕೋವಿಡ್ ಆಯಿತು.

ಎಸಿ ಕಿತ್ತುಹಾಕಬೇಕಿಲ್ಲ. ಅದರ ಜೊತೆಗೆ ಗಾಳಿ ಬರಲೊಂದು, ಹೋಗಲೊಂದು ದಾರಿ ಬೇಕು. ಒಬ್ಬರಿಗೆ ಸೆಕೆಂಡಿಗೆ 10 ಲೀಟರ್ ಹೊರಗಾಳಿ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಿಮ್ಮ ಬ್ಯಾಚಿಗೆ 200 ಲೀಟರ್. ಒಂದು ಗೋಡೆಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಎದುರು ಗೋಡೆಯ ಕಿಟಕಿಯನ್ನು ತೆರೆದಿಡಿ. ಫ್ಯಾನಿನ ಪಕ್ಕದ ಕಿಟಕಿಯನ್ನೇ ತೆರೆದರೆ ಗಾಳಿ ಅಲ್ಲಿಂದ ಬಂದು ಅಲ್ಲಿಯೇ ಹೋಗುತ್ತದೆ, ಮಕ್ಕಳನ್ನು ಮುಟ್ಟುವುದಿಲ್ಲ. ಕರೆಂಟ್ ಬಿಲ್ಲು ಸ್ವಲ್ಪ ಏರುತ್ತದೆ, ಏರಲಿ.

ಗವಾಕ್ಷಿ ಇದ್ದರೆ ಇನ್ನೂ ಒಳ್ಳೆಯದು. ಬಿಸಿಯಾದ ಉಸಿರು ಮೇಲೇರಿ ಅಲ್ಲಿಂದ ಹೊರಬೀಳುತ್ತದೆ, ಕೆಳಗಿನ ಕಿಟಕಿಯಿಂದ ಹೊಸ ಗಾಳಿ ಬರುತ್ತದೆ. ಹಳೆಯ ಮೇಸ್ತ್ರಿಗಳು ಇದನ್ನು ಲೆಕ್ಕ ಬರೆಯದೆಯೇ ಕಟ್ಟುತ್ತಿದ್ದರು. ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ಗಾಳಿಯನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ: ಎತ್ತರದ ಚಾವಣಿ, ದೊಡ್ಡ ಕಿಟಕಿಗಳ ಹಳೆಯ ಕಟ್ಟಡಗಳಲ್ಲಿ ಕಿಟಕಿ ತೆರೆದರೆ ಗಂಟೆಗೆ ಸುಮಾರು 40 ಬಾರಿ ಗಾಳಿ ಬದಲಾಗುತ್ತಿತ್ತು, ಯಂತ್ರ ಕೂರಿಸಿದ ಹೊಸ ಕೋಣೆಗಳಲ್ಲಿ 12 ಬಾರಿ. ಅಂತಹ ಗವಾಕ್ಷಿಗಳನ್ನು ನಾವೀಗ ಗಾಜು ಕೂರಿಸಿ, ಫಾಲ್ಸ್ ಸೀಲಿಂಗ್ ಹೊದಿಸಿ ಮುಚ್ಚುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಕ್ಸಾಸ್ಟ್ ಫ್ಯಾನಿನ ಮಾತು ಬಂತಲ್ಲ, ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಬಚ್ಚಲಿನ ನೆಲದ ಜಾಲರಿಯ ಕೆಳಗೆ ನಹಾನಿ ಟ್ರ್ಯಾಪ್ ಇರುತ್ತದೆ. ಅದರಲ್ಲಿ ನಿಂತ ಒಂದಿಷ್ಟು ನೀರೇ ಒಳಚರಂಡಿಯ ಗಾಳಿಗೂ ನಿಮ್ಮ ಮನೆಗೂ ನಡುವಿನ ತಡೆ. 2003ರಲ್ಲಿ ಹಾಂಗ್‌ಕಾಂಗಿನ ಅಮೊಯ್ ಗಾರ್ಡನ್ಸ್ ವಸತಿ ಸಂಕೀರ್ಣದಲ್ಲಿ 300ಕ್ಕೂ ಹೆಚ್ಚು ಮಂದಿಗೆ ಸಾರ್ಸ್ ಎಂಬ ಉಸಿರಾಟದ ಸೋಂಕು ತಗುಲಿದಾಗ, ತನಿಖೆ ಬಂದು ನಿಂತದ್ದು ಒಣಗಿದ ಇಂತಹ ಟ್ರ್ಯಾಪುಗಳ ಮುಂದೆ. ಬಚ್ಚಲಿನ ಫ್ಯಾನುಗಳು ಚರಂಡಿಯ ಗಾಳಿಯನ್ನು ಮನೆಯೊಳಕ್ಕೆ ಎಳೆದಿದ್ದವು. ಅತಿಥಿಗಳ ಕೋಣೆಯ ಬಚ್ಚಲು ತಿಂಗಳುಗಟ್ಟಲೆ ಖಾಲಿ ಇದ್ದರೆ, ವಾರಕ್ಕೊಮ್ಮೆ ಎರಡು ಚೊಂಬು ನೀರು ಆ ಜಾಲರಿಗೆ ಸುರಿಯಿರಿ. ನಿಮ್ಮ ಟ್ಯೂಷನ್ ಕೊಠಡಿಗೆ ಅಂಟಿಕೊಂಡ ಬಚ್ಚಲಿಗೂ ಅಷ್ಟೇ, ವಿಶೇಷವಾಗಿ ಬೇಸಿಗೆ ರಜೆಯಲ್ಲಿ.