ಭಾವನ ಅವಲಕ್ಕಿ, ನನ್ನ ಮಸಾಲೆ ದೋಸೆ

ನಮ್ಮ ಭಾವ ಬೇಯಿಸಿದ್ದು ತಿನ್ನುವುದನ್ನು ಬಿಟ್ಟು ಮೂರು ವಾರವಾಗಿತ್ತು. ಬೆಳಗ್ಗೆ ಮೊಳಕೆ ಹೆಸರುಕಾಳು. ಮಧ್ಯಾಹ್ನ ಸೌತೆಕಾಯಿ, ಕ್ಯಾರೆಟ್, ಕಾಯಿತುರಿ. ರಾತ್ರಿ ಅವಲಕ್ಕಿ ನೆನೆಸಿ, ಬೆಲ್ಲ ಪುಡಿ ಮಾಡಿ ಹಾಕಿ, ಬಾಳೆಹಣ್ಣು ಹೆಚ್ಚಿಕೊಂಡು ಊಟ. "ಬೆಂಕಿ ಸೋಕಿದ್ದೆಲ್ಲ ಸತ್ತ ಊಟ ಕಣಯ್ಯ" ಅಂತ ನನಗೂ ಪಾಠ. ಯಾವುದೋ ವಿಡಿಯೋ ನೋಡಿ ಶುರುವಾದದ್ದು.

ಸುಮ್ನೆ ಇರಬಹುದಿತ್ತು. ಅವಲಕ್ಕಿ ಕಂಡು ಬಾಯಿ ತಡೆಯಲಿಲ್ಲ.

"ಭಾವ, ಅವಲಕ್ಕಿ ಹಸಿ ಅಲ್ಲ."

"ನೀರಲ್ಲಿ ನೆನೆಸಿದ್ದಷ್ಟೇ. ನಾನು ಒಲೆ ಹಚ್ಚೇ ಇಲ್ಲ."

"ನೀವು ಹಚ್ಚಿಲ್ಲ. ಅವಲಕ್ಕಿ ಮಿಲ್ಲಿನವರು ಹಚ್ಚಿದ್ದಾರೆ."

ಅವಲಕ್ಕಿ ಮಾಡುವುದನ್ನು ನೋಡಿದವರಿಗೆ ಇದು ಗೊತ್ತು. ಭತ್ತವನ್ನು ಮೊದಲು ನೆನೆಸುತ್ತಾರೆ. ನೀರು ಬಸಿದು, ಕಾದ ಬಾಣಲೆಯಲ್ಲಿ ಚೆನ್ನಾಗಿ ಹುರಿಯುತ್ತಾರೆ. ಬಿಸಿ ಆರುವ ಮೊದಲೇ ಕುಟ್ಟುತ್ತಾರೆ. ಸಿಪ್ಪೆಯೊಳಗೆ ನೀರೂ ಇದೆ, ಬಿಸಿಯೂ ಇದೆ, ಹಾಗಾಗಿ ಅಕ್ಕಿ ಅಲ್ಲೇ ಬೆಂದುಬಿಡುತ್ತದೆ. ಇದಕ್ಕೆ ಸಾಕ್ಷಿ ಬೇಕಾದರೆ ಒರಳಲ್ಲೇ ಇದೆ. ಹಸಿ ಅಕ್ಕಿ ಕುಟ್ಟಿದರೆ ನುಚ್ಚಾಗುತ್ತದೆ. ಅವಲಕ್ಕಿ ಭತ್ತ ಕುಟ್ಟಿದರೆ ಚಪ್ಪಟೆಯಾಗುತ್ತದೆ. ಬೆಂದಿರದಿದ್ದರೆ ಅದು ಹಾಗೆ ಹರಡಿಕೊಳ್ಳುತ್ತಲೇ ಇರಲಿಲ್ಲ. ಬೆಲ್ಲದ ಕಥೆಯಂತೂ ಹೇಳುವುದೇ ಬೇಡ. ಆಲೆಮನೆಯ ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿದು ಬಂದ ಪದಾರ್ಥ ಅದು.

ಭಾವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಚಿಕ್ಕವರಿದ್ದಾಗ ನಾವು ಅಕ್ಕಿ ಡಬ್ಬಕ್ಕೆ ಕೈ ಹಾಕಿ ಹಸಿ ಅಕ್ಕಿ ಮುಕ್ಕುತ್ತಿದ್ದೆವು. "ಹಸಿ ಅಕ್ಕಿ ತಿಂದರೆ ಮದುವೆ ದಿನ ಮಳೆ ಬರುತ್ತೆ" ಅಂತ ಅಜ್ಜಿ ಹೆದರಿಸುತ್ತಿದ್ದರು. ನನ್ನ ಮದುವೆಯಲ್ಲಿ ಮಳೆ ಬಂತು, ನಿಜ. ಜೂನ್ ತಿಂಗಳಲ್ಲಿ ಮಲೆನಾಡಿನಲ್ಲಿ ಮದುವೆ ಇಟ್ಟುಕೊಂಡರೆ ಇನ್ನೇನು ಬರುತ್ತದೆ? ಆದರೆ ಅಜ್ಜಿ ಹೇಳಿದ ಕಾರಣ ಸುಳ್ಳಾದರೂ ಬುದ್ಧಿ ಸರಿಯೇ ಇತ್ತು. ಹಸಿ ಅಕ್ಕಿಯನ್ನು ಎಷ್ಟು ಜಗಿದರೂ ಹೊಟ್ಟೆಗೆ ಸಿಗುವುದು ಕಡಿಮೆ.

ಯಾಕೆ ಅಂತ ಹೇಳುತ್ತೇನೆ. ಈ ಲೇಖನ ಬರೆಯಲು ಕೂತದ್ದೇ ಇದಕ್ಕೆ.

ಅಕ್ಕಿಯ ತೂಕದಲ್ಲಿ ಮುಕ್ಕಾಲಿಗೂ ಜಾಸ್ತಿ ಪಾಲು ಪಿಷ್ಟ. ಪಿಷ್ಟ ಅಂದರೆ ಗ್ಲೂಕೋಸ್ ಮಣಿಗಳ ಉದ್ದುದ್ದ ಸರ. ಗಿಡ ಇದನ್ನು ನಮಗೆ ಅಂತ ಮಾಡಿದ್ದಲ್ಲ. ನಾಳೆ ಹುಟ್ಟುವ ತನ್ನ ಮೊಳಕೆಗೆ ಕಟ್ಟಿಟ್ಟ ಬುತ್ತಿ. ಹಾಗಾಗಿ ಬಿಗಿಯಾಗಿ ಕಟ್ಟಿರುತ್ತದೆ. ಅಕ್ಕಿಯ ಪಿಷ್ಟದ ಹರಳುಗಳು ಎಷ್ಟು ಸಣ್ಣವೆಂದರೆ, ಒಂದು ಮಿಲಿಮೀಟರ್ ಜಾಗದಲ್ಲಿ ಸುಮಾರು 200 ಹರಳು ಸಾಲಾಗಿ ನಿಲ್ಲಬಹುದು. ಒಂದೊಂದು ಹರಳಿನೊಳಗೂ ಆ ಸರಗಳು ಇಸ್ತ್ರಿ ಮಾಡಿ ಮಡಿಸಿಟ್ಟ ಸೀರೆಗಳ ಹಾಗೆ ಒತ್ತೊತ್ತಾಗಿ ಕೂತಿರುತ್ತವೆ. ನಮ್ಮ ಜೊಲ್ಲಿನಲ್ಲಿ, ಕರುಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಇದೆ. ಅದೇ ಕತ್ತರಿ. ಆದರೆ ಟ್ರಂಕಿನಲ್ಲಿ ತುರುಕಿಟ್ಟ ಸೀರೆಯನ್ನು ಕತ್ತರಿಸುವುದು ಹೇಗೆ? ಸೆರಗಿನ ತುದಿಯಾದರೂ ಕೈಗೆ ಸಿಗಬೇಕಲ್ಲ.

ಇನ್ನೊಂದು ರೀತಿ ನೋಡಿ. ಜಾತ್ರೆ ದಿನದ ಬಸ್ಸು. ಮೆಟ್ಟಿಲವರೆಗೂ ಜನ. ಕಂಡಕ್ಟರ್ ಬಾಗಿಲಲ್ಲೇ ನೇತಾಡುತ್ತಾ ಹತ್ತಿರದ ನಾಲ್ಕು ಜನಕ್ಕೆ ಟಿಕೆಟ್ ಕೊಡುತ್ತಾನೆ, ಒಳಗಿನವರು ಹಾಗೇ ಪಾರು. ಹಸಿ ಪಿಷ್ಟಕ್ಕೆ ಕಿಣ್ವ ಮಾಡುವುದು ಇಷ್ಟೇ. ಈಗ ಬಸ್ಸನ್ನು ಟೀ ಕುಡಿಯಲು ನಿಲ್ಲಿಸಿ. ಎಲ್ಲರೂ ಇಳಿದು ಹರಡಿಕೊಂಡರು. ಕಂಡಕ್ಟರ್ ಒಬ್ಬೊಬ್ಬರ ಹತ್ತಿರ ಹೋಗಿ ಆರಾಮಾಗಿ ಟಿಕೆಟ್ ಹರಿಯುತ್ತಾನೆ. ಬೇಯಿಸುವುದು ಅಂದರೆ ಅದು. ನೀರಿನ ಜೊತೆ ಸುಮಾರು 65ರಿಂದ 75 ಡಿಗ್ರಿ ಬಿಸಿ ಕೊಟ್ಟರೆ ಹರಳು ನೀರು ಕುಡಿದು ಉಬ್ಬುತ್ತದೆ. ಸರಗಳ ನಡುವಿನ ಹಿಡಿತ ಸಡಿಲುತ್ತದೆ.

ಉಪಮೆ ಜಾಸ್ತಿ ಆಯಿತು, ಗೊತ್ತು. ಮುಂದಿನದು ಉಪಮೆ ಅಲ್ಲ, ಅದನ್ನೇ ಕಣ್ಣಲ್ಲಿ ನೋಡುವ ದಾರಿ. ಹತ್ತಿ ಸೀರೆಗೆ ಗಂಜಿ ಹಾಕುತ್ತಾರಲ್ಲ, ಅದು ನೆನಪಿದೆಯಾ? ಒಂದು ಚಮಚ ಅಕ್ಕಿಹಿಟ್ಟನ್ನು ತಣ್ಣೀರಲ್ಲಿ ಕದಡಿ. ಹಾಲಿನ ಹಾಗೆ ಕಾಣುತ್ತದೆ, ಸ್ವಲ್ಪ ಹೊತ್ತಿಗೆ ಹಿಟ್ಟು ತಳಕ್ಕೆ ಕೂರುತ್ತದೆ. ಅದರಲ್ಲಿ ಸೀರೆ ಅದ್ದಿದರೆ ಒಣಗಿದ ಮೇಲೆ ಬರೀ ಪುಡಿ ಉದುರುತ್ತದೆ. ಅದೇ ಪಾತ್ರೆಯನ್ನು ಒಲೆ ಮೇಲಿಟ್ಟು ಕೈಯಾಡಿಸಿ. ತುಂಬ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ಸೌಟು ಭಾರವಾಗುತ್ತದೆ. ಬಿಳಿ ಹೋಗಿ ಅರೆಪಾರದರ್ಶಕ ಲೋಳೆ. ಸೌಟು ಭಾರವಾದ ಆ ಗಳಿಗೆಯಲ್ಲೇ ಕೋಟಿಗಟ್ಟಲೆ ಟ್ರಂಕುಗಳ ಬೀಗ ಮುರಿದಿರುತ್ತದೆ. (ತಣ್ಣಗಾದರೆ ಸ್ವಲ್ಪ ಪಿಷ್ಟ ಮತ್ತೆ ಮಡಿಸಿಕೊಳ್ಳುತ್ತದೆ. ಫ್ರಿಜ್ಜಿನಲ್ಲಿಟ್ಟ ಅನ್ನ ಕಲ್ಲಾಗುವುದು ಅದಕ್ಕೇ.)

ಪ್ರೋಟೀನಿನದೂ ಇದೇ ಹಾಡು. ಬೆಲ್ಜಿಯಂನ ಲೂವೆನ್‌ನಲ್ಲಿ 1998ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟವಾಯಿತು. ಸಣ್ಣಕರುಳಿನ ಕೊನೆಯಿಂದ ಹೊಟ್ಟೆಯ ಹೊರಕ್ಕೆ ದಾರಿ ಮಾಡಿಸಿಕೊಂಡಿದ್ದ ಐದು ರೋಗಿಗಳಿಗೆ ಮೊಟ್ಟೆ ಕೊಟ್ಟು, ಜೀರ್ಣವಾಗದೆ ಉಳಿದದ್ದನ್ನು ಅಳೆದರು. ಬೆಂದ ಮೊಟ್ಟೆಯ ಪ್ರೋಟೀನು ಸುಮಾರು ಶೇ. 91ರಷ್ಟು ಜೀರ್ಣವಾಗಿತ್ತು. ಹಸಿ ಮೊಟ್ಟೆಯದು ಶೇ. 51. ಜಿಮ್ಮಿನ ಹುಡುಗರು ಹಸಿ ಮೊಟ್ಟೆ ಒಡೆದು ಗಟಗಟ ಕುಡಿಯುವಾಗ ನನಗೆ ಈ ಲೆಕ್ಕ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಭಾವ ಹೇಳುವ 'ಜೀವಂತ ಕಿಣ್ವ'? ಹಸಿ ತರಕಾರಿಯ ಕಿಣ್ವ ನಮ್ಮ ಊಟ ಅರಗಿಸುತ್ತೆ, ಬೇಯಿಸಿದರೆ ಅದು ಸಾಯುತ್ತೆ ಅಂತ ಅವರ ವಾದ. ಬಿಸಿಗೆ ಕಿಣ್ವ ಕೆಡುತ್ತದೆ ಅನ್ನುವುದು ನಿಜ. ಆದರೆ ಕಿಣ್ವವೂ ಒಂದು ಪ್ರೋಟೀನೇ. ಬಾಯಿಂದ ಇಳಿದದ್ದೇ ಹೊಟ್ಟೆಯ ಆಮ್ಲಕ್ಕೆ ಬೀಳುತ್ತದೆ. ಅಲ್ಲಿ ಅದರ ಗತಿ ಉಳಿದ ಬೇಳೆಕಾಳಿನ ಪ್ರೋಟೀನಿನದೇ. ಸೌತೆಕಾಯಿಯ ಕಿಣ್ವ ಸೌತೆಕಾಯಿಯ ಸಂಸಾರಕ್ಕೆ ಇರುವುದು, ನಮ್ಮ ಊಟ ಅರಗಿಸುವುದಕ್ಕಲ್ಲ.

ಹಸಿ ಕಿಣ್ವದ ಆಟ ನೋಡಲೇಬೇಕಾದರೆ ಮಲೆನಾಡಿನ ಅಡುಗೆಮನೆಗೆ ಬನ್ನಿ. ಸಾಸಿವೆ ಅಂತಲೇ ಕರೆಯುವ ಒಂದು ಪದಾರ್ಥ ಮಾಡುತ್ತಾರೆ. ಹಸಿ ಸಾಸಿವೆಯನ್ನು ಕಾಯಿಯ ಜೊತೆ ರುಬ್ಬಿ ಮೊಸರಿಗೆ ಸೇರಿಸುವುದು. ಮೂಗಿಗೆ ಹೊಡೆಯುತ್ತದೆ. ಅದೇ ಸಾಸಿವೆಯನ್ನು ಒಗ್ಗರಣೆಯಲ್ಲಿ ಸಿಡಿಸಿದರೆ ಆ ಘಾಟು ಇಲ್ಲವೇ ಇಲ್ಲ. ಕಾಳಿನೊಳಗೆ ಘಾಟಿನ ಕಚ್ಚಾ ಸಾಮಾನು ಒಂದು ಕಡೆ, ಮೈರೋಸಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ರುಬ್ಬಿದಾಗ ಎರಡೂ ಸೇರಿ ಘಾಟು ಹುಟ್ಟುತ್ತದೆ. ಕಾದ ಎಣ್ಣೆಯಲ್ಲಿ ಕಿಣ್ವ ಮೊದಲೇ ಹೋಗಿರುತ್ತದೆ. ಗಮನಿಸಿ, ಈ ಕೆಲಸ ಮುಗಿದದ್ದು ಒರಳಿನಲ್ಲಿ, ನಮ್ಮ ಹೊಟ್ಟೆಯಲ್ಲಲ್ಲ.

ಹಸಿ ಆಹಾರದ ಹುಚ್ಚು ಹೊಸದೇನಲ್ಲ. ಸ್ವಿಟ್ಜರ್ಲೆಂಡಿನ ವೈದ್ಯ ಬಿರ್ಷರ್-ಬೆನ್ನರ್ 1904ರಲ್ಲಿ ಜ್ಯೂರಿಕ್‌ನಲ್ಲಿ ಆರೋಗ್ಯಧಾಮ ತೆರೆದು ರೋಗಿಗಳಿಗೆ ತುರಿದ ಸೇಬು, ನೆನೆಸಿದ ಓಟ್ಸ್ ಕೊಡುತ್ತಿದ್ದ. ಹಸಿ ಗಿಡದಲ್ಲಿ ಸೂರ್ಯನ ಶಕ್ತಿ ಕೂತಿದೆ ಅಂತ ಅವನ ನಂಬಿಕೆ. ಇವತ್ತು ಅಂಗಡಿಯಲ್ಲಿ ಸಿಗುವ ಮ್ಯೂಸ್ಲಿ ಅವನ ಕೊಡುಗೆ. ನಮ್ಮಲ್ಲಿ ಗಾಂಧೀಜಿಯೇ 1929ರಲ್ಲಿ ಒಲೆ ಬಿಟ್ಟು ನೋಡಿದರು. ಮೊಳಕೆ ಗೋಧಿ, ಕಡಲೆ, ಹಸಿ ಸೊಪ್ಪು, ದ್ರಾಕ್ಷಿ, ನಿಂಬೆಹಣ್ಣು. 'ಯಂಗ್ ಇಂಡಿಯಾ'ದಲ್ಲಿ ಅದರ ಬಗ್ಗೆ ಬರೆದರು. ಅದೇ ವರ್ಷ ಆಮಶಂಕೆ ಹಿಡಿದು ಪ್ರಯೋಗ ಕೈಬಿಟ್ಟರು. ನನಗೆ ಅವರಲ್ಲಿ ಇಷ್ಟವಾಗುವುದು ಇದೇ. ತನ್ನ ಮೇಲೆ ಪ್ರಯೋಗ ಮಾಡಿಕೊಂಡರು, ಆಗಲಿಲ್ಲ ಅಂದಾಗ ಬಿಟ್ಟರು.

ವರ್ಷಗಟ್ಟಲೆ ಬಿಡದವರ ಕಥೆ ಜರ್ಮನಿಯ ಗೀಸೆನ್‌ನಿಂದ ಬಂತು. ಬಹುಕಾಲದಿಂದ ಹಸಿ ಆಹಾರದಲ್ಲೇ ಇದ್ದ 500ಕ್ಕೂ ಹೆಚ್ಚು ಜನರನ್ನು ಕೇಳಿ ಮಾಡಿದ ಅಧ್ಯಯನ ಅದು. 1999ರಲ್ಲಿ ಪ್ರಕಟವಾಯಿತು. ಗಂಡಸರು ಸರಾಸರಿ 10 ಕಿಲೋ, ಹೆಂಗಸರು 12 ಕಿಲೋ ಇಳಿದಿದ್ದರು. ಇಷ್ಟು ಓದಿದವರು ಹಸಿ ಆಹಾರಕ್ಕೆ ಜೈ ಅನ್ನುತ್ತಾರೆ. ಮುಂದೆ ಓದಬೇಕು. 45ರ ಒಳಗಿನ ಹೆಂಗಸರಲ್ಲಿ ಸುಮಾರು ಶೇ. 30ರಷ್ಟು ಮಂದಿಗೆ ಮುಟ್ಟು ಏರುಪೇರಾಗಿತ್ತು ಇಲ್ಲವೇ ನಿಂತೇ ಹೋಗಿತ್ತು. ಅವರು ಉಪವಾಸ ಕೂತವರಲ್ಲ, ಅಂಗಡಿ ತುಂಬ ಹಣ್ಣು, ಬೀಜ, ಎಣ್ಣೆ ಸಿಗುವ ದೇಶದವರು. ದೇಹ ಮಾತ್ರ ಬರಗಾಲ ಅಂತ ತಿಳಿದುಕೊಂಡಿತ್ತು.

ಹಸಿಯದೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ರಾಮನವಮಿಯ ಕೋಸಂಬರಿಗೆ ನಾನೂ ಕೈಯೊಡ್ಡುತ್ತೇನೆ. ಬೇಯಿಸಿದರೆ ಸಿ ವಿಟಮಿನ್ ಕಮ್ಮಿಯಾಗುತ್ತದೆ, ನಿಜ. ಆದರೆ ಕ್ಯಾರೆಟ್ಟಿನ ಕೆರೋಟಿನ್, ಟೊಮೆಟೊದ ಲೈಕೋಪೀನ್ ಎಣ್ಣೆ ಹಾಕಿ ಬೇಯಿಸಿದಾಗಲೇ ಚೆನ್ನಾಗಿ ಮೈಗೆ ಹತ್ತುತ್ತವೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಬೆಂಕಿಯಿಂದ ನಮ್ಮ ತಿಂಡಿಪಟ್ಟಿ ಉದ್ದವಾಯಿತು. ದಕ್ಷಿಣ ಆಫ್ರಿಕಾದ ವಂಡರ್‌ವರ್ಕ್ ಗುಹೆಯಲ್ಲಿ ಸುಮಾರು 10 ಲಕ್ಷ ವರ್ಷ ಹಳೆಯ ಬೂದಿ ಸಿಕ್ಕಿದೆ. ಅಂಥ ಬೆಂಕಿಯ ಮುಂದೆ ಕೂತ ಯಾರೋ ಒಬ್ಬರು, ಹಸಿಯಾಗಿ ತಿಂದರೆ ಕೆಡುಕಾಗುವ ಗೆಡ್ಡೆಯನ್ನು ಸುಟ್ಟು ನೋಡಿರಬೇಕು. ರಾಜ್ಮಾ ತೆಗೆದುಕೊಳ್ಳಿ. ಹಸಿಯಾಗಿ ನಾಲ್ಕೈದು ಕಾಳು ತಿಂದರೂ ವಾಂತಿ. ಚೆನ್ನಾಗಿ ಕುದಿಸಿದರೆ ಅದರ ವಿಷ ಇಳಿಯುತ್ತದೆ. ಕೆಸುವಿನ ಎಲೆ ಹಸಿಯಾಗಿ ಬಾಯಿಗಿಟ್ಟರೆ ಗಂಟಲಿಗೆ ಸೂಜಿ ಚುಚ್ಚಿದ ಹಾಗೆ. ಅದರಲ್ಲಿ ನಿಜವಾಗಿಯೂ ಸೂಜಿಯಂಥ ಆಕ್ಸಲೇಟ್ ಹರಳುಗಳಿವೆ. ಹುಣಸೆಹುಳಿ ಹಚ್ಚಿ, ಸುತ್ತಿ, ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ಇದನ್ನು ಮೊದಲು ತಿಂದು ನೋಡಿದ ಪುಣ್ಯಾತ್ಮ ಯಾರೋ!

ಕಂಡದ್ದೆಲ್ಲ ತಿನ್ನುವ ಪ್ರಾಣಿಗೆ ಈ ಕಷ್ಟ ತಪ್ಪಿದ್ದಲ್ಲ. ಕೋಆಲಾಕ್ಕೆ ನೀಲಗಿರಿ ಎಲೆ ಸಾಕು, ಯೋಚನೆಯೇ ಇಲ್ಲ. ನಮಗೂ ಇಲಿಗೂ ಹಾಗಲ್ಲ. ಹೊಸದು ತಿನ್ನದಿದ್ದರೆ ಹೊಟ್ಟೆ ತುಂಬದು, ತಿಂದರೆ ಸಾಯಲೂಬಹುದು. ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ಅದಕ್ಕೆ ಹೊಸ ತಿಂಡಿಯನ್ನು ಚೂರೇ ಚೂರು ಕಚ್ಚಿ ಕಾಯುತ್ತದೆ. ಮೈ ಸರಿಯಿಲ್ಲ ಅನ್ನಿಸಿದರೆ ಮತ್ತೆ ಮುಟ್ಟುವುದಿಲ್ಲ. ವಾರ್ಫರಿನ್‌ನಂಥ ಇಲಿ ಪಾಷಾಣ ತಕ್ಷಣ ಕೊಲ್ಲದೆ ದಿನಗಟ್ಟಲೆ ತೆಗೆದುಕೊಳ್ಳುತ್ತದೆ, ಅದಕ್ಕೇ ಅದು ಇಲಿಯ ಲೆಕ್ಕಕ್ಕೆ ಸಿಗುವುದಿಲ್ಲ. ಜಾನ್ ಗಾರ್ಸಿಯಾ ಎಂಬ ವಿಜ್ಞಾನಿ 1955ರಲ್ಲಿ, ಸಿಹಿನೀರು ಕುಡಿಯುವಾಗ ವಿಕಿರಣದಿಂದ ಕಾಯಿಲೆ ಬಿದ್ದ ಇಲಿಗಳು ಆ ಸಿಹಿನೀರನ್ನೇ ದೂರ ಮಾಡುತ್ತವೆ ಅಂತ ತೋರಿಸಿದ. ನನಗೆ ಹೀಗೇ ಗೋಬಿ ಮಂಚೂರಿ. ಒಂದು ರಾತ್ರಿ ತಿಂದು ಹೊಟ್ಟೆ ಕೆಟ್ಟಿತ್ತು. ಹದಿನೆಂಟು ವರ್ಷವಾಯಿತು, ವಾಸನೆ ಬಂದರೆ ಈಗಲೂ ರಸ್ತೆ ದಾಟುತ್ತೇನೆ.

ಹೋಟೆಲಿನಲ್ಲಿ ಕೂತಾಗ ನಮ್ಮೊಳಗಿನ ಇಲಿ ಎದ್ದು ಕೂರುತ್ತದೆ. ಅಕ್ಕ ಮೆನು ಕಾರ್ಡಿನ ಕೊನೆಯಿಂದ ಓದುವವಳು. ಹೆಸರು ಅರ್ಥವಾಗದ್ದನ್ನೇ ಹೇಳುತ್ತಾಳೆ. ನಾನು ಕಾರ್ಡೇ ಮುಟ್ಟುವುದಿಲ್ಲ. ಮಸಾಲೆ ದೋಸೆ, ಆಮೇಲೆ ಕಾಫಿ. ಯಾರು ಜಾಣರು?

ಇದಕ್ಕೊಂದು ಲೆಕ್ಕ ಇದೆ, ಮಾಡಿದ್ದು ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್. ಗೆಳೆಯ ರಾಲ್ಫ್ ಲೇಟನ್ ಜೊತೆ ಥಾಯ್ ಹೋಟೆಲಿನಲ್ಲಿ ಕೂತಾಗ ಇದೇ ಪ್ರಶ್ನೆ ಎದ್ದಿತ್ತಂತೆ. ಹಳೆಯದನ್ನೇ ತಿನ್ನುವುದೋ, ಹೊಸದೋ? ಫೈನ್‌ಮನ್ ಲೆಕ್ಕ ಬಿಡಿಸಿದ. ಆ ಹೋಟೆಲಿನಲ್ಲಿ ಒಟ್ಟು ಎಷ್ಟು ಸಲ ತಿನ್ನುತ್ತೀರೋ ಅದಕ್ಕೆ 1 ಕೂಡಿಸಿ. 2ರಿಂದ ಗುಣಿಸಿ. ವರ್ಗಮೂಲ ತೆಗೆದು 1 ಕಳೆಯಿರಿ. ಅಷ್ಟು ಸಲ ಹೊಸ ಹೊಸದು ತಿನ್ನಿ. ಆಮೇಲೆ ಅವುಗಳಲ್ಲಿ ಯಾವುದು ಚೆನ್ನಾಗಿತ್ತೋ ಅದಕ್ಕೇ ಅಂಟಿಕೊಳ್ಳಿ. 30 ಸಲ ಹೋಗುವುದಾದರೆ 7 ಬಗೆ ನೋಡಿದರೆ ಸಾಕು. 4 ಸಲವಾದರೆ 2. ಊರು ಬಿಡುವ ಕೊನೆಯ ದಿನ ಹೊಸದು ಹೇಳುವುದು ಪೆದ್ದತನ. ಹೊಸ ಊರಿಗೆ ಹೋದ ದಿನವೇ ಒಂದಕ್ಕೆ ಅಂಟಿಕೊಳ್ಳುವುದೂ ಪೆದ್ದತನ. ವಯಸ್ಸಾದವರು ಯಾವಾಗಲೂ ಅದೇ ಇಡ್ಲಿ ಹೇಳುವುದನ್ನು ನೋಡಿ ನಗಬೇಡಿ. ಅವರು ಪರೀಕ್ಷೆ ಮುಗಿಸಿ ಫಲ ಉಣ್ಣುತ್ತಿದ್ದಾರೆ.

ಲೆಕ್ಕದಲ್ಲಿ ಒಂದು ತೂತಿದೆ. ತಿಂದದ್ದನ್ನೇ ತಿಂದರೆ ನಾಲಿಗೆಗೆ ಬೇಜಾರಾಗುತ್ತದೆ ಅನ್ನುವುದನ್ನು ಅದು ಎಣಿಸಿಲ್ಲ. ಆ ಕಡೆ, ಹೊಸದಕ್ಕೆ ಬೆಲೆಯೂ ತೆರಬೇಕು. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಮನೆಗೆ ಊಟ ತರಿಸಿಕೊಳ್ಳುವವರ 16 ಲಕ್ಷ ಆರ್ಡರುಗಳನ್ನು ನೋಡಿತ್ತು. ಮೊದಲ ಸಲ ಆರ್ಡರ್ ಮಾಡಿದ ಹೋಟೆಲಿಗೆ ಜನ ಕೊಟ್ಟ ಅಂಕ, ಹಳೇ ಹೋಟೆಲಿಗೆ ಕೊಟ್ಟದ್ದಕ್ಕಿಂತ ಸರಾಸರಿಯಲ್ಲಿ ಕಮ್ಮಿಯೇ ಇತ್ತು. ಆದರೂ ಜನ ಹೊಸದು ನೋಡುವುದನ್ನು ಬಿಟ್ಟಿರಲಿಲ್ಲ.

ಹೋದ ಭಾನುವಾರ ಮೂವರೂ ಹೋಟೆಲಿಗೆ ಹೋಗಿದ್ದೆವು. ಭಾವನಿಗೆ ಸೌತೆಕಾಯಿ, ಈರುಳ್ಳಿ ಹೆಚ್ಚಿ ಕೊಡುತ್ತೇವೆ ಅಂತ ಒಪ್ಪಿದ್ದರು. ನಾನು ಟಿಶ್ಯೂ ಪೇಪರಿನ ಮೇಲೆ ಅಕ್ಕನಿಗೆ ಲೆಕ್ಕ ತೋರಿಸುತ್ತಿದ್ದೆ. ತಿಂಗಳಿಗೊಂದು ಸಲ, ಹತ್ತು ವರ್ಷ, 120 ಸಲ. ಅಂದರೆ 14–15 ಬಗೆ ನೋಡಬೇಕು.

"ನೀನು ಇಲ್ಲಿ ಎಷ್ಟು ಬಗೆ ತಿಂದಿದ್ದೀಯ?" ಅಂತ ಕೇಳಿದಳು.

"ಒಂದು."

"ಮಂಗ."

ಸರಿ, ಇವತ್ತು ಪತ್ರೊಡೆ ಅಂತ ತೀರ್ಮಾನ ಮಾಡಿ ಕೈ ಎತ್ತಿದೆ. ಅಷ್ಟರಲ್ಲಿ ಸಪ್ಲೈಯರ್ ಮಸಾಲೆ ದೋಸೆ ತಂದು ಮುಂದಿಟ್ಟ.

"ನಾನಿನ್ನೂ ಹೇಳೇ ಇಲ್ಲವಲ್ಲ!"

"ನೀವು ಬಾಗಿಲಲ್ಲಿ ಕಂಡಾಗಲೇ ಹೇಳಿಬಿಟ್ಟೆ ಸಾರ್."

ದೋಸೆ ಬಿಸಿ ಇತ್ತು. ಮುರಿದೆ. ಭಾವ ಸೌತೆಕಾಯಿ ಕಡಿಯುತ್ತಾ ನನ್ನ ತಟ್ಟೆಯನ್ನೇ ನೋಡುತ್ತಿದ್ದರು. ಮೆಲ್ಲಗೆ ಕೇಳಿದರು, "ಚಟ್ನಿ ಹಸಿದೇ ಅಲ್ವೇನೋ? ಬರೀ ಕಾಯಿ ತಾನೇ?"

ಹುರಿಗಡಲೆ ವಿಷಯ ನಾನು ಎತ್ತಲಿಲ್ಲ. ಬಟ್ಟಲನ್ನು ಅವರ ಕಡೆ ಸರಿಸಿದೆ.