ಸೆರಗು ಸರಿದ ತೋಳು: ಒಂದು ಮೈಸೂರು ಭಾವಚಿತ್ರದ ಗೊಂದಲ

ಕೊರೊನಾ ಲಸಿಕೆಗೆ ಎಲ್ಲರೂ ಕಾಯುತ್ತಿದ್ದ 2020ರಲ್ಲಿ ಒಂದು ಹಳೆಯ ತೈಲಚಿತ್ರ ಮೊಬೈಲಿಂದ ಮೊಬೈಲಿಗೆ ಓಡಾಡಿತು. ಮೈತುಂಬಾ ಒಡವೆ ತೊಟ್ಟ ಮೂವರು ಹೆಂಗಸರು. ಇವರು ಲಸಿಕೆಯ ಪ್ರಚಾರಕ್ಕೆ ನಿಂತ ಮೈಸೂರು ರಾಣಿಯರು ಎಂದಿತು ಸುದ್ದಿ. ಆದರೆ ಬಹಳ ಕಾಲ ಇದೇ ಮೂವರನ್ನು ಜನ ನರ್ತಕಿಯರು ಅಂದುಕೊಂಡಿದ್ದರು.

ಚಿತ್ರ ಬರೆದವರು ಐರ್ಲೆಂಡಿನ ಥಾಮಸ್ ಹಿಕ್ಕಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇತ್ತ ಬಂದು ಟಿಪ್ಪುವಿನ ಮಕ್ಕಳ ಮುಖಗಳನ್ನೂ ಬರೆದವರು. ಅದೇ ವರ್ಷ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು, ಆಗಿನ್ನೂ ಐದು ವರ್ಷದ ಹುಡುಗ. ಈ ಚಿತ್ರ 1805ರ ಸುಮಾರಿನದು.

ಆಗ ಸಿಡುಬು ಊರೂರನ್ನೇ ಖಾಲಿ ಮಾಡುತ್ತಿತ್ತು. 1802ರ ಜೂನ್‌ನಲ್ಲಿ ಬೊಂಬಾಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಮಗುವಿಗೆ ದಾಕು, ಅಂದರೆ ಸಿಡುಬಿನ ಲಸಿಕೆ, ಫಲಿಸಿತು. ಅಲ್ಲಿಂದ ಅದು ಹರಡಿದ್ದು ತೋಳಿಂದ ತೋಳಿಗೆ. ಒಬ್ಬರ ಗುಳ್ಳೆಯ ರಸ ತೆಗೆದು ಇನ್ನೊಬ್ಬರಿಗೆ ಹಚ್ಚಬೇಕು. ಯಾರ ಮೈಯದೋ, ಯಾವ ಜಾತಿಯದೋ ಎಂಬ ಅಳುಕು. ಅಮ್ಮ ಮುನಿದಾಳು ಎಂಬ ಭಯ ಬೇರೆ. ಅರಮನೆಯವರೇ ಹಾಕಿಸಿಕೊಂಡರೆ ಉಳಿದವರಿಗೆ ಧೈರ್ಯ ಬರುತ್ತೆ ಅಲ್ವಾ?

ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಚಿತ್ರವನ್ನು ಓದಿದ್ದು ಹೀಗೆ. ಬಲಗಡೆ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೆರಗಿನಡಿ ಇರಬೇಕಿದ್ದ ಎಡತೋಳನ್ನು ತೋರಿಸುತ್ತಿದ್ದಾರೆ, ಅದು ದಾಕು ಹಾಕಿದ ಜಾಗ. ಎಡಗಡೆ ಹಿರಿಯ ರಾಣಿ, ಅವರ ಹೆಸರೂ ದೇವಾಜಮ್ಮಣ್ಣಿ. ಮೂಗು, ಬಾಯಿಯ ಸುತ್ತ ಚರ್ಮದ ಬಣ್ಣ ಮಾಸಿದೆ. ಸಿಡುಬು ಬಾರದಿರಲೆಂದು ಅದರ ಹಕ್ಕಳೆಯ ಪುಡಿಯನ್ನೇ ಮೂಗಿಗೇರಿಸುವ ಹಳೆಯ ಪದ್ಧತಿಯ ಗುರುತು ಅದು. ನಡುವೆ ರಾಜರ ಅಜ್ಜಿ ಲಕ್ಷ್ಮಮ್ಮಣ್ಣಿ. ಒಡವೆಗಳೂ ಒಡೆಯರ ಮನೆತನದವು. ರಾಣಿ ದಾಕು ಹಾಕಿಸಿಕೊಂಡಿದ್ದು ಜನರನ್ನು ಮುಂದೆ ಬರುವಂತೆ ಮಾಡಿತು ಎಂಬ ಮಾತು 1806ರ ದಾಖಲೆಯೊಂದರಲ್ಲಿದೆ.

ಒಡವೆ, ದಾಖಲೆ ಗಟ್ಟಿಯಾಗಿವೆ. ತೋಳಿನ ವಿಷಯಕ್ಕೆ ನಾನು ಅಷ್ಟು ಬೇಗ ಹೂಂ ಅನ್ನಲಾರೆ. ಕೈ ಸುಮ್ನೆ ಸೆರಗು ಹಿಡಿದಿರಲೂಬಹುದು.

ಇದಕ್ಕಿಂತ ಜಾಸ್ತಿ ಕಾಡುವುದು ಆ ನೋಟ. ಮೂವರ ಮುಖದಲ್ಲೂ ಅಂಜಿಕೆಯಿಲ್ಲ, ತುಟಿಯಲ್ಲಿ ಸಣ್ಣ ನಗು. ಪರಪುರುಷನ, ಅದೂ ಪರದೇಶಿಯ ಮುಂದೆ ರಾಣಿಯರು ಹೀಗೆ ನಿಂತಾರೆಯೇ ಎಂಬುದೇ ಮೊದಲಿನ ಅನುಮಾನ. ನರ್ತಕಿಯರು ಅಂದಾಗ ಆ ನಗು ಚೆಲ್ಲುಚೆಲ್ಲಾಗಿ ಕಂಡಿತ್ತು. ರಾಣಿಯರು ಅಂದ ಕೂಡಲೇ ಅದೇ ನಗು ಗಾಂಭೀರ್ಯವಾಯಿತು! ಹಿಕ್ಕಿ ಬಳಿದ ಬಣ್ಣ ಮಾತ್ರ ಹಾಗೇ ಇದೆ.



ಮೊಬೈಲಿನಲ್ಲಿ ಓಡಾಡಿದ ಸುದ್ದಿಯಲ್ಲಿ ನಡುವಿನವರಿಗೆ ಸಿಕ್ಕಿದ್ದು ಒಂದೇ ಸಾಲು. ಹೈದರ್, ಟಿಪ್ಪು ಇಬ್ಬರ ಕಾಲದಲ್ಲೂ ಗುಟ್ಟಾಗಿ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಮಾತುಕತೆ ನಡೆಸಿ, ಮೊಮ್ಮಗನಿಗೆ ಪಟ್ಟ ಕಟ್ಟಿಸಿದ ಹೆಂಗಸು ಅವರು. ಗಂಡ ತೀರಿ ನಲವತ್ತು ವರ್ಷವಾಗುತ್ತಾ ಬಂದಿತ್ತು. ಅಷ್ಟು ವಯಸ್ಸಿನ ಮುಖವಾ ಅದು? ಚಿತ್ರ ನೋಡಿದಾಗಲೆಲ್ಲ ನಾನು ಮೊದಲು ಅಲ್ಲೇ ನಿಲ್ಲುತ್ತೇನೆ.